ಕುದುರೆಯ ಹೊಟ್ಟೆನೋವು

ಹೊಟ್ಟೆನೋವು ನಮ್ಮಲ್ಲಿ ಹೆಚ್ಚು ಮರ್ಯಾದೆಯಿಲ್ಲದ ರೋಗ. ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗನಿಗೆ ಅದು ಬೆಳಿಗ್ಗೆ ಎಂಟು ಗಂಟೆಗೆ ಬಂದು, ಹತ್ತೂವರೆಯ ಗಂಟೆ ಬಾರಿಸಿದೊಡನೆ ತಾನಾಗಿಯೇ ಹೊರಟುಹೋಗುತ್ತದೆ. ಕಚೇರಿಯ ಗುಮಾಸ್ತರಿಗೆ ಅದು ಕ್ರಿಕೆಟ್ ಪಂದ್ಯದ ದಿನವೇ ಬರುವುದು ವಾಡಿಕೆ. ಜ್ವರ ಬಂದಿದೆಯೆಂದರೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ. ಗಾಯವಾಗಿದೆಯೆಂದರೆ ರಕ್ತ ಸಾಕ್ಷಿ ಹೇಳುತ್ತದೆ. ಹೊಟ್ಟೆನೋವಿಗೆ ಅದನ್ನು ಅನುಭವಿಸುವವನ ಮಾತಲ್ಲದೆ ಬೇರೆ ಸಾಕ್ಷಿಯೇ ಇಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮೇಷ್ಟರ ಕೆಲಸ ಮಾಡಿದ ನಾನು ಎಷ್ಟು ರಜಾ ಚೀಟಿಗಳಲ್ಲಿ ಈ ಪದವನ್ನು ಓದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಮನೆಯಲ್ಲಿಯೂ ಅಷ್ಟೆ. ಒಂದು ಲೋಟ ಓಮದ ಕಷಾಯ, ಇಲ್ಲವೆ ಒಂದು ಚಿಟಿಕೆ ಇಂಗು ಬೆರೆಸಿದ ಮಜ್ಜಿಗೆ. ಅಲ್ಲಿಗೆ ವಿಚಾರ ಮುಗಿಯಿತು.

ಆದರೆ ಹೊಟ್ಟೆನೋವೆಂಬ ಮಾತು ಕಿವಿಗೆ ಬಿದ್ದೊಡನೆ ದೊಡ್ಡವರು ಚಿಕ್ಕವರೆಲ್ಲ ನಿದ್ದೆಗೆಟ್ಟು ಓಡಿಬರುವ ಒಂದು ಲೋಕವೂ ಉಂಟು. ಅದು ಪಂದ್ಯದ ಕುದುರೆಗಳ ಲಾಯ. ಅರ್ಧ ಟನ್ನಿನಷ್ಟು ತೂಗುವ, ಗಂಟೆಗೆ ಅರವತ್ತು ಕಿಲೋಮೀಟರಿಗೂ ಮೀರಿ ಓಡಬಲ್ಲ, ಮೈಯೆಲ್ಲ ಮಾಂಸಖಂಡವೇ ಆಗಿರುವ ಪ್ರಾಣಿ ಸಂಜೆ ನೆಟ್ಟಗೆ ನಿಂತು ಹುಲ್ಲು ಮೇಯುತ್ತಿರುತ್ತದೆ. ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಹೆಣವಾಗಿ ಬಿದ್ದಿರುತ್ತದೆ. ಹುಲಿ ಹಿಡಿಯಲಿಲ್ಲ, ಹಾವು ಕಚ್ಚಲಿಲ್ಲ, ಕಾಲು ಮುರಿಯಲಿಲ್ಲ. ಕಾರಣವೇನೆಂದರೆ ಹೊಟ್ಟೆನೋವು! ನಮ್ಮ ಹಿರಿಯರು ಇದಕ್ಕೆ ಶೂಲೆಯೆಂದು ಹೆಸರಿಟ್ಟರು. ಶೂಲವನ್ನು ಹೊಟ್ಟೆಗೆ ತಿವಿದಂತಹ ನೋವು ಎಂದು ಅದರ ಅರ್ಥ. ಕುದುರೆಯ ಮಟ್ಟಿಗೆ ಆ ಹೆಸರಿನಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಕುದುರೆಯ ಜೂಜಿಗೂ ನನಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಒಂದು ರೂಪಾಯಿಯನ್ನಾದರೂ ಕುದುರೆಯ ಬಾಲಕ್ಕೆ ಕಟ್ಟಿದವನಲ್ಲ. ಇಷ್ಟಾದರೂ ಕುದುರೆಯ ಹೊಟ್ಟೆಯ ವಿಚಾರವಾಗಿ ನಾಲ್ಕು ಮಾತು ಬರೆಯುವಂತಾದುದು ನಮ್ಮ ಬೀದಿಯ ಸೈಸ್ ತಾತನಿಂದ. ಲಾಯದಲ್ಲಿ ಕುದುರೆಯ ಮೈ ತಿಕ್ಕಿ, ಮೇವು ನೀರು ಕೊಟ್ಟು, ಲದ್ದಿ ಬಾಚಿ, ನಡೆದಾಡಿಸಿ ತರುವ ಆಳಿಗೆ ಸೈಸ್ ಎನ್ನುವರು. ಬೆಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ವಠಾರದ ಕೊನೆಯ ಮನೆ ಆತನದು. ಆತನ ಮೊಮ್ಮಗ ನನ್ನ ಶಿಷ್ಯ. ಆ ಕಾರಣದಿಂದ ತಾತನಿಗೆ ನನ್ನ ಮೇಲೆ ಗೌರವ; ಇಳಿಹೊತ್ತಿನಲ್ಲಿ ನಮ್ಮ ಜಗಲಿಯ ಮೇಲೆ ಅರ್ಧ ಗಂಟೆ ಕುಳಿತು ಹೋಗುವುದು ರೂಢಿ. ಓದುಬರಹ ಬಾರದಿದ್ದರೂ ಕುದುರೆಯನ್ನು ಕುರಿತು ಆತ ಆಡುತ್ತಿದ್ದ ಮಾತು ಪುಸ್ತಕದ ಮಾತಿಗಿಂತ ಗಟ್ಟಿಯಾಗಿರುತ್ತಿತ್ತು.

"ಕುದುರೆಗೆ ಬಾಯಿಲ್ಲ ಅಂತಾರಲ್ಲ ಮೇಷ್ಟ್ರೇ, ಸುಳ್ಳು," ಎಂದು ಒಮ್ಮೆ ಹೇಳಿದ. "ಅದರ ಪಕ್ಕೆಗೆ ಕಿವಿ ಇಟ್ಟು ನೋಡಿ. ಒಳಗೆ ಮೋಡ ಗುಡುಗಿದ ಹಾಗೆ, ನೀರು ಹರಿದ ಹಾಗೆ ಸದ್ದು ಬರ್ತಾ ಇರುತ್ತೆ. ಆ ಸದ್ದು ಇದ್ರೆ ಜೀವ ಇದೆ ಅಂತ. ಸದ್ದು ನಿಂತು ಹೊಟ್ಟೆ ಮೌನವಾಯ್ತೋ, ಡಾಕ್ಟರನ್ನ ಕೂಗಬೇಕು."

ಪಶುವೈದ್ಯರ ಗ್ರಂಥಗಳನ್ನು ಆಮೇಲೆ ತಿರುವಿ ಹಾಕಿದಾಗ ತಾತ ಹೇಳಿದುದು ಅಕ್ಷರಶಃ ಸತ್ಯವೆಂದು ತಿಳಿಯಿತು. ವೈದ್ಯರು ಸ್ಟೆತಾಸ್ಕೋಪು ಹಿಡಿದು ಕುದುರೆಯ ಎರಡು ಪಕ್ಕೆಗಳಲ್ಲಿ ಮೊದಲು ಆಲಿಸುವುದು ಆ ಗುಡುಗನ್ನೇ.

ಸೃಷ್ಟಿಕರ್ತನು ಕುದುರೆಯ ಕಾಲುಗಳನ್ನು ಮಾಡುವಾಗ ತೋರಿದ ಜಾಣ್ಮೆಯನ್ನು ಅದರ ಹೊಟ್ಟೆಯನ್ನು ಮಾಡುವಾಗ ಮರೆತನೋ ಎಂಬ ಸಂಶಯ ಒಮ್ಮೊಮ್ಮೆ ಬರುತ್ತದೆ. ಅಷ್ಟು ದೊಡ್ಡ ದೇಹಕ್ಕೆ ಜಠರವಾದರೋ ಬಲು ಚಿಕ್ಕದು. ಎಂಟರಿಂದ ಹದಿನೈದು ಲೀಟರು ಹಿಡಿದರೆ ಹೆಚ್ಚು. ಅದರ ಬಾಯಿಯಲ್ಲಿರುವ ಸ್ನಾಯುವಿನ ಬಿಗಿ ಎಷ್ಟೆಂದರೆ, ಒಳಗೆ ಹೋದ ವಸ್ತು ಮತ್ತೆ ಮೇಲಕ್ಕೆ ಬರಲಾರದು. ಹಾಳಾದುದನ್ನು ತಿಂದರೆ ನಾಯಿ ಕಕ್ಕುತ್ತದೆ, ಬೆಕ್ಕು ಕಕ್ಕುತ್ತದೆ, ಮನುಷ್ಯನೂ ಕಕ್ಕುತ್ತಾನೆ. ಕುದುರೆಗೆ ಆ ಭಾಗ್ಯವಿಲ್ಲ. ಮುಂದಿನ ದಾರಿ ಕಟ್ಟಿಕೊಂಡರೆ ಜಠರ ಉಬ್ಬಿ ಉಬ್ಬಿ ಕೊನೆಗೆ ಒಡೆದುಹೋಗುವುದೂ ಉಂಟು. ಆದುದರಿಂದಲೇ ವೈದ್ಯರು ಬಂದೊಡನೆ ಕುದುರೆಯ ಮೂಗಿನ ಮೂಲಕ ಉದ್ದನೆಯ ಕೊಳವೆಯೊಂದನ್ನು ಜಠರದವರೆಗೆ ಇಳಿಸುತ್ತಾರೆ. ದೇವರು ಕೊಡದ ವಾಂತಿಯನ್ನು ಮನುಷ್ಯನು ಕೊಳವೆಯಿಂದ ಒದಗಿಸುವನು.

ಜಠರ ದಾಟಿದರೆ ಇಪ್ಪತ್ತು ಮೀಟರಿಗೂ ಉದ್ದವಾದ ಸಣ್ಣ ಕರುಳು. ಅದರಾಚೆಗೆ ಹುಲ್ಲಿನ ನಾರು ಹುದುಗುವ ದೊಡ್ಡ ದೊಡ್ಡ ಚೀಲಗಳು. ದನವು ಮೆಲುಕು ಹಾಕಿ ಮುಂದಿನ ಹೊಟ್ಟೆಯಲ್ಲಿ ಮಾಡುವ ಕೆಲಸವನ್ನು ಕುದುರೆಯು ಹಿಂದಿನ ಕರುಳಿನಲ್ಲಿ ಮಾಡುತ್ತದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಬೀಡುಬಿಟ್ಟು ನಾರನ್ನು ಕೊಳೆಯಿಸಿ ಕುದುರೆಗೆ ಬೇಕಾದ ಶಕ್ತಿಯನ್ನು ಹಿಂಡಿಕೊಡುತ್ತವೆ. ಈ ದೊಡ್ಡ ಕರುಳು ಮೂರು ನಾಲ್ಕು ಮೀಟರು ಉದ್ದವಿದ್ದು, ಎರಡಾಗಿ ಮಡಿಚಿ, ಹೊಟ್ಟೆಯ ಗೋಡೆಗೆ ಬಹುಪಾಲು ಅಂಟಿಕೊಳ್ಳದೆ ಸಡಿಲವಾಗಿ ಮಲಗಿರುತ್ತದೆ. ಅದು ವಾಯು ತುಂಬಿ ಉಬ್ಬಿದಾಗ ಜಾಗ ಬಿಟ್ಟು ಸರಿಯಬಹುದು, ಸರಿದುದು ತಿರುಚಿಕೊಳ್ಳಬಹುದು. ಅಗಸನು ಒದ್ದೆ ಬಟ್ಟೆ ಹಿಂಡುವಂತೆ ಒಂದು ಸುತ್ತು ತಿರುಚಿಕೊಂಡಿತೆಂದರೆ ರಕ್ತದ ಓಡಾಟ ನಿಂತಿತು. ಕೆಲವೇ ಗಂಟೆಗಳಲ್ಲಿ ಕರುಳು ಕಪ್ಪಾಗಿ ಸಾಯುತ್ತದೆ. ಕರುಳು ಸತ್ತ ಮೇಲೆ ಅದರೊಳಗಿನ ವಿಷವೆಲ್ಲ ರಕ್ತಕ್ಕೆ ಇಳಿದು ಕುದುರೆಯೂ ಸಾಯುತ್ತದೆ.

ಹಾಗಾದರೆ ಕಾಡಿನ ಕುದುರೆಗಳು ಹೇಗೆ ಬದುಕಿದವು? ಅವು ಹಗಲಿರುಳಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನಾರು ಗಂಟೆಯಷ್ಟು ಕಾಲ ಮೇಯುತ್ತಲೇ ಇದ್ದವು. ಒಂದು ಹೆಜ್ಜೆ, ಒಂದು ತುತ್ತು. ಮತ್ತೊಂದು ಹೆಜ್ಜೆ, ಮತ್ತೊಂದು ತುತ್ತು. ಚಿಕ್ಕ ಜಠರಕ್ಕೆ ಅದೇ ಸರಿಯಾದ ಕ್ರಮ. ಸೃಷ್ಟಿಕರ್ತನು ಹೊಟ್ಟೆಯನ್ನು ತಪ್ಪಾಗಿ ಮಾಡಿರಲಿಲ್ಲ. ಹುಲ್ಲುಗಾವಲಿಗಾಗಿ ಮಾಡಿದ ಹೊಟ್ಟೆಯನ್ನು ನಾವು ಲಾಯಕ್ಕೆ ತಂದು ಕಟ್ಟಿದೆವು. ಪಂದ್ಯದ ಕುದುರೆ ದಿನದ ಬಹುಭಾಗ ನಾಲ್ಕು ಗೋಡೆಗಳ ನಡುವೆ ನಿಂತಿರುತ್ತದೆ. ಓಟಕ್ಕೆ ಬೇಕಾದ ಕಸುವು ಬರಿಯ ಹುಲ್ಲಿನಿಂದ ಬಾರದೆಂದು ದಿನಕ್ಕೆರಡು ಮೂರು ಸಲ ಓಟ್ಸ್ ಮೊದಲಾದ ಕಾಳನ್ನು ಕೊಡುತ್ತಾರೆ. ಕಾಳು ಹೆಚ್ಚಾದರೆ ಸಣ್ಣ ಕರುಳಿನಲ್ಲಿ ಅರಗದ ಪಿಷ್ಟವು ದೊಡ್ಡ ಕರುಳಿಗೆ ನುಗ್ಗುತ್ತದೆ. ಅಲ್ಲಿ ಬೀಡುಬಿಟ್ಟ ಸಾಧು ಸೂಕ್ಷ್ಮಜೀವಿಗಳು ಹುಳಿಯಲ್ಲಿ ಮುಳುಗಿ ಸಾಯುತ್ತವೆ. ದುಷ್ಟಜೀವಿಗಳು ಹಬ್ಬ ಮಾಡುತ್ತವೆ. ಜಠರದಲ್ಲಾದರೋ ತಿಂದರೂ ತಿನ್ನದಿದ್ದರೂ ಆಮ್ಲ ಸುರಿಯುತ್ತಲೇ ಇರುವುದರಿಂದ, ತರಬೇತಿಯಲ್ಲಿರುವ ಪಂದ್ಯದ ಕುದುರೆಗಳಲ್ಲಿ ಬಹುಪಾಲಿಗೆ ಜಠರದಲ್ಲಿ ಹುಣ್ಣಿರುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ.

ಮೇವಿನಿಂದ ಕುದುರೆ ಸಾಯುವ ಕತೆ ನಮ್ಮ ದಕ್ಷಿಣ ದೇಶಕ್ಕೆ ಹೊಸತಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಸೀಮೆಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸರು ಸಮುದ್ರದಾಚೆಯಿಂದ ವರ್ಷವರ್ಷವೂ ಸಾವಿರಗಟ್ಟಲೆ ಕುದುರೆಗಳನ್ನು ಕೊಳ್ಳುವರೆಂದೂ, ಅವುಗಳಿಗೆ ಅನ್ನದೊಡನೆ ಬೇಯಿಸಿದ ಮಾಂಸವನ್ನು ತಿನ್ನಿಸುವರೆಂದೂ, ಆರೈಕೆ ಅರಿಯದವರ ಕೈಯಲ್ಲಿ ಅವು ಬೇಗನೆ ಸತ್ತುಹೋಗುವುವೆಂದೂ ಬರೆದಿಟ್ಟಿದ್ದಾನೆ. ಹುಲ್ಲು ಬೇಡುವ ಹೊಟ್ಟೆಗೆ ರಾಜೋಪಚಾರ ಬಡಿಸಿದ ಫಲ!

ತಾತನ ಬದುಕಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಇದು ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ಆತನ ಕೈಯಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು ಕುದುರೆ ಇತ್ತು. ಕೆಂಪು ಮೈ, ಹಣೆಯ ಮೇಲೆ ಬಿಳಿಯ ಬೊಟ್ಟು. ಪಟ್ಟಿಯಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ತಾತ ಮಾತ್ರ "ಅಮ್ಮಣ್ಣಿ" ಎಂದೇ ಕರೆಯುತ್ತಿದ್ದ. ಬರುವ ವಾರದ ಪಂದ್ಯದಲ್ಲಿ ಅದು ಗೆಲ್ಲುವುದು ಖಂಡಿತವೆಂದು ಊರೆಲ್ಲ ಮಾತು. ಒಂದು ರಾತ್ರಿ ಹನ್ನೊಂದರ ವೇಳೆಗೆ ತಾತ ಕೊನೆಯ ಸುತ್ತು ಹೋದಾಗ ಗೋದಲಿಯಲ್ಲಿ ಹಾಕಿದ ಹುಲ್ಲು ಹಾಗೆಯೇ ಇತ್ತು. ಅಮ್ಮಣ್ಣಿ ಮುಂಗಾಲಿನಿಂದ ನೆಲವನ್ನು ಕೆರೆಯುತ್ತಿತ್ತು. ಆಗಾಗ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು.

"ಯಾರೋ ಹಿಂದಿನಿಂದ ಕರೆದ ಹಾಗೆ ತಿರುಗಿ ತಿರುಗಿ ನೋಡೋದು ಮೇಷ್ಟ್ರೇ. ನೋಡಿ ನನ್ನ ಮುಖ ನೋಡೋದು. ಏನು ಹೇಳಲಿ! ಮೇಲ್ತುಟಿ ಮಡಿಸಿಕೊಂಡು ನಿಂತುಬಿಡ್ತು."

ವೈದ್ಯರಿಗೆ ಹೇಳಿಕಳುಹಿಸಿದರು. ಅವರು ಬರುವವರೆಗೆ ತಾತ ಹಗ್ಗ ಹಿಡಿದು ಅದನ್ನು ಮೆಲ್ಲನೆ ನಡೆದಾಡಿಸಿದ. ಅದು ಮಲಗಲು ಹವಣಿಸುವುದು, ಈತ ಎಬ್ಬಿಸುವುದು. ಒಮ್ಮೆ ಕೈಮೀರಿ ಉರುಳಾಡಿತು. ಮೈಯೆಲ್ಲ ಬೆವರಿ ನೀರಿಳಿಯುತ್ತಿತ್ತು. ವೈದ್ಯರು ಬಂದು ಒಸಡು ನೋಡಿದರು. ಗುಲಾಬಿಯಂತಿರಬೇಕಾದುದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನೆಮ್ಮದಿಯಾಗಿರುವ ಕುದುರೆಯ ಹೃದಯ ನಿಮಿಷಕ್ಕೆ ಮೂವತ್ತರಿಂದ ನಲವತ್ತು ಸಲ ಬಡಿಯುತ್ತದೆ. ಅಮ್ಮಣ್ಣಿಯದು ಎಂಬತ್ತು ದಾಟಿತ್ತು. ಕೊಳವೆ ಇಳಿಸಿದ್ದಾಯಿತು, ನೋವಿಗೆ ಚುಚ್ಚುಮದ್ದು ಕೊಟ್ಟದ್ದಾಯಿತು. ಹೊಟ್ಟೆ ಕೊಯ್ದು ಕರುಳನ್ನು ಸರಿಪಡಿಸುವಂತಹ ಸೌಕರ್ಯ ಆ ಹೊತ್ತಿನಲ್ಲಿ ಕೈಗೆಟುಕುವಂತಿರಲಿಲ್ಲ. ಮೂರು ಗಂಟೆಗೆ ಅದರ ನೋವು ಇದ್ದಕ್ಕಿದ್ದಂತೆ ಇಳಿದು ಸುಮ್ಮನೆ ನಿಂತಿತು. ಹುಡುಗರು ಗುಣವಾಯಿತೆಂದು ಹಿಗ್ಗಿದರು. ತಾತ ಹಿಗ್ಗಲಿಲ್ಲ. ಪಕ್ಕೆಗೆ ಕಿವಿಯಿಟ್ಟು ನೋಡಿದ. ಒಳಗೆ ಸದ್ದೇ ಇರಲಿಲ್ಲ. ಬೆಳಗಿನ ಜಾವ ಅಮ್ಮಣ್ಣಿ ತೀರಿಕೊಂಡಿತು.

ದುಃಖಕ್ಕಿಂತ ದೊಡ್ಡದು ಆಮೇಲೆ ಬಂದಿತು. ಯಜಮಾನರ ಕಡೆಯವರು ಲಾಯಕ್ಕೆ ಬಂದವರು ಸತ್ತ ಕುದುರೆಯನ್ನು ನೋಡುವ ಮೊದಲು ತಾತನನ್ನು ನೋಡಿದರು. "ಏನು ತಿನ್ನಿಸಿದೆ?" ಎಂದು ಕೇಳಿದರು. ಪಂದ್ಯ ಹತ್ತಿರವಿತ್ತು; ಎಷ್ಟೋ ಜನರ ಹಣ ಅದರ ಕಾಲಿಗೆ ಕಟ್ಟಿತ್ತು. ಗಟ್ಟಿಮುಟ್ಟಾದ ಕುದುರೆ ಒಂದೇ ರಾತ್ರಿಯಲ್ಲಿ ಸಾಯಬೇಕಾದರೆ ಯಾರೋ ಏನೋ ಹಾಕಿರಲೇಬೇಕು. ಹಾಕಿದವನು ಮೇವಿಡುವ ಕೈಯವನೇ ಆಗಿರಬೇಕು. ಇದು ಅವರ ತರ್ಕ. ಎರಡು ದಿನ ತಾತನನ್ನು ಲಾಯದ ಬಾಗಿಲಿನಿಂದ ಆಚೆಗೆ ನಿಲ್ಲಿಸಿದರು. ಆ ಎರಡು ದಿನ ಆತ ಮನೆಯ ಮೆಟ್ಟಿಲಿನ ಮೇಲೆ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. ಅನ್ನ ಬೇಡ, ಮಾತು ಬೇಡ. ನಾನು ಹತ್ತಿರ ಹೋಗಿ "ತಾತ, ಸತ್ಯ ಹೊರಗೆ ಬರುತ್ತದೆ, ಏಳಿ" ಎಂದರೆ, "ಸತ್ಯ ಬಂದ್ರೆ ನನಗಾಯ್ತು ಮೇಷ್ಟ್ರೇ, ಅದಕ್ಕೇನಾಯ್ತು?" ಎಂದ.

ಶವಪರೀಕ್ಷೆಯಲ್ಲಿ ಸತ್ಯ ಹೊರಗೆ ಬಂದಿತು. ದೊಡ್ಡ ಕರುಳು ಪೂರ್ತಿ ಒಂದು ಸುತ್ತು ತಿರುಚಿಕೊಂಡು ಕಪ್ಪಾಗಿತ್ತು. ವಿಷದ ಸುಳಿವೇ ಇರಲಿಲ್ಲ. ಯಜಮಾನರು ಕ್ಷಮೆಯ ಮಾತು ಆಡಲಿಲ್ಲ. ಒಂದು ಲಕೋಟೆಯಲ್ಲಿ ಐನೂರು ರೂಪಾಯಿ ಇಟ್ಟು ಕಳುಹಿಸಿದರು. ತಾತ ಅದನ್ನು ಹಿಂದಿರುಗಿಸಿ ದೊಡ್ಡವನಾದನೆಂದು ಬರೆದರೆ ಕತೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಆತ ತೆಗೆದುಕೊಂಡ. ಮೊಮ್ಮಗನ ಶಾಲೆಯ ಫೀಸು ಬಾಕಿಯಿತ್ತು. ಮೂರನೆಯ ದಿನ ಬೆಳಿಗ್ಗೆ ನಾಲ್ಕು ಗಂಟೆಗೆ ಎಂದಿನಂತೆ ಲಾಯಕ್ಕೆ ಹೊರಟ.

ಅಂದಿನಿಂದ ನನಗೆ ಒಂದು ಪ್ರಶ್ನೆ ಅಂಟಿಕೊಂಡಿತು. ಕುದುರೆ ಹೊಟ್ಟೆನೋವಿನಿಂದ ಸತ್ತರೆ ಮನುಷ್ಯನು ಮೊದಲು ಕೊಲೆಗಾರನನ್ನೇ ಏಕೆ ಹುಡುಕುತ್ತಾನೆ? ಈ ಪ್ರಶ್ನೆಯ ಬೆನ್ನು ಹತ್ತಿದವರಿಗೆ ದೂರದ ಆಸ್ಟ್ರೇಲಿಯದ ಒಂದು ಕುದುರೆಯ ಕತೆ ಎದುರಾಗದೆ ಇರದು.

ಅದರ ಹೆಸರು ಫಾರ್ ಲ್ಯಾಪ್. ಮಿಂಚು ಎಂದು ಅದರ ಅರ್ಥವಂತೆ. 1926ರಲ್ಲಿ ನ್ಯೂಜಿಲೆಂಡಿನ ಟಿಮರು ಪಟ್ಟಣದ ಹತ್ತಿರ ಹುಟ್ಟಿದ ಈ ಕೆಂಪು ಕುದುರೆ 160 ಗಿನಿಗಳ ಅಗ್ಗದ ಬೆಲೆಗೆ ಮಾರಾಟವಾಯಿತು. ಮೊದಮೊದಲು ಸೋಲುಗಳೇ. ಆಮೇಲೆ ಹಿಡಿದ ಓಟ ಹೇಗಿತ್ತೆಂದರೆ, ಒಟ್ಟು 51 ಪಂದ್ಯಗಳಲ್ಲಿ 37ನ್ನು ಗೆದ್ದಿತು. ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಕಾಡುತ್ತಿದ್ದ ಕಾಲ ಅದು. ಕೆಲಸವಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಕಂಗೆಟ್ಟಿದ್ದ ಜನರಿಗೆ ಈ ಕುದುರೆಯ ಗೆಲುವು ತಮ್ಮ ಗೆಲುವೆನಿಸಿತು. 1930ರ ನವೆಂಬರ್ ಮೊದಲ ದಿನ ಯಾರೋ ದುರುಳರು ಅದರ ಮೇಲೆ ಗುಂಡು ಹಾರಿಸಿದರು, ಗುರಿ ತಪ್ಪಿತು. ಮೂರು ದಿನ ಕಳೆದು ಅದು ಮೆಲ್ಬರ್ನ್ ಕಪ್ಪನ್ನೇ ಗೆದ್ದಿತು.

ಈ ಕುದುರೆಯ ಚಾಕರಿಗಿದ್ದವನು ಟಾಮಿ ವುಡ್‌ಕಾಕ್ ಎಂಬ ತರುಣ. ಆತನಿಗೆ ಅದು "ಬಾಬಿ". ಅದರ ಲಾಯದ ಪಕ್ಕದಲ್ಲಿಯೇ ಮಲಗುವನು. 1932ರಲ್ಲಿ ಕುದುರೆಯನ್ನು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದಾಗ ತರಬೇತುದಾರ ಹ್ಯಾರಿ ಟೆಲ್ಫರ್ಡ್ ಊರಿನಲ್ಲಿಯೇ ಉಳಿದು, ಹೊಣೆಯೆಲ್ಲ ವುಡ್‌ಕಾಕನ ಹೆಗಲಿಗೆ ಬಿದ್ದಿತು. ಮಾರ್ಚ್ 20ರಂದು ಮೆಕ್ಸಿಕೋದ ಟಿಹುವಾನದಲ್ಲಿ ನಡೆದ ದೊಡ್ಡ ಪಂದ್ಯವನ್ನು ಫಾರ್ ಲ್ಯಾಪ್ ಗೆದ್ದು ದಾಖಲೆ ಸ್ಥಾಪಿಸಿತು. ಅದಾದ ಹದಿನಾರನೆಯ ದಿನ, ಏಪ್ರಿಲ್ 5ರಂದು, ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನ ಒಂದು ಲಾಯದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಕುದುರೆ ಜ್ವರದಿಂದ ಬಳಲಿ ಹೊಟ್ಟೆನೋವಿನಿಂದ ನರಳುತ್ತಿತ್ತು. ಆ ದಿನವೇ ಅದು ವುಡ್‌ಕಾಕನ ಬಳಿ ರಕ್ತ ಕಾರಿ ಪ್ರಾಣ ಬಿಟ್ಟಿತು.

ಶವಪರೀಕ್ಷೆಯಲ್ಲಿ ಜಠರವೂ ಕರುಳೂ ಕೆಂಪಗೆ ಉರಿದಿದ್ದುದು ಕಂಡಿತು. ಏಕೆ ಉರಿಯಿತು? ಅಂದು ಎದ್ದ ಗುಲ್ಲು ಇಂದಿಗೂ ಪೂರ್ತಿಯಾಗಿ ಅಡಗಿಲ್ಲ. ಅಮೆರಿಕದ ಜೂಜುಕೋರರು ವಿಷವಿಕ್ಕಿದರೆಂದು ಆಸ್ಟ್ರೇಲಿಯದ ಜನ ನಂಬಿದರು. ಮರಗಳಿಗೆ ಹೊಡೆದ ಕ್ರಿಮಿನಾಶಕ ಹುಲ್ಲಿನ ಮೇಲೆ ಬಿದ್ದಿತ್ತೆಂದು ಕೆಲವರು, ಒದ್ದೆ ಮೇವು ಹುದುಗಿತೆಂದು ಕೆಲವರು. ದಶಕಗಳು ಕಳೆದ ಮೇಲೆ ಅಶ್ವವೈದ್ಯರು ಹಳೆಯ ವರದಿಯನ್ನು ಓದಿ, ಇದು ಸಣ್ಣ ಕರುಳಿನ ಮೇಲ್ಭಾಗಕ್ಕೆ ಸೂಕ್ಷ್ಮಜೀವಿಗಳಿಂದ ಬರುವ ತೀವ್ರವಾದ ಉರಿಯೂತವಿರಬಹುದು, ಆ ಕಾಲದಲ್ಲಿ ಆ ರೋಗಕ್ಕೆ ಹೆಸರೇ ಇರಲಿಲ್ಲವೆಂದರು. ಮತ್ತೆ 2006 ಮತ್ತು 2008ರಲ್ಲಿ ವಿಜ್ಞಾನಿಗಳು ಮ್ಯೂಸಿಯಮ್ಮಿನಲ್ಲಿಟ್ಟ ಅದರ ಚರ್ಮದಿಂದ ಕೆಲವು ಕೂದಲುಗಳನ್ನು ಕಿತ್ತು ಪ್ರಬಲವಾದ ಕ್ಷಕಿರಣಗಳಿಂದ ಪರೀಕ್ಷಿಸಿದರು. ಸಾಯುವ ಒಂದೆರಡು ದಿನಗಳ ಹಿಂದೆ ಕುದುರೆಯ ಹೊಟ್ಟೆಗೆ ಬಹಳಷ್ಟು ಪಾಷಾಣ ಸೇರಿತ್ತೆಂದು ಅವರ ತೀರ್ಮಾನ.

ಹಾಗಾದರೆ ಕೊಲೆಯೇ? ಅಲ್ಲಿಯೂ ಒಂದು ತೊಡಕುಂಟು. ಆ ಕಾಲದಲ್ಲಿ ಪಾಷಾಣವನ್ನು ಅಳತೆಯಿಂದ ಬೆರೆಸಿದ ದ್ರಾವಣವು ಕುದುರೆಗಳಿಗೆ ಕೊಡುವ ಸಾಮಾನ್ಯವಾದ ಟಾನಿಕ್ಕು! ಟೆಲ್ಫರ್ಡನದೆನ್ನಲಾದ ಕೈಬರಹದ ಪುಸ್ತಕವೊಂದರಲ್ಲಿ ಅಂತಹ ಟಾನಿಕ್ಕುಗಳ ಪಾಕವಿಧಾನಗಳೇ ಇವೆ. ಕೊಂದವನು ಶತ್ರುವೋ, ಸೂಕ್ಷ್ಮಜೀವಿಯೋ, ಹಸಿವು ಹೆಚ್ಚಲಿ ಮೈ ಹೊಳೆಯಲಿ ಎಂದು ಪ್ರೀತಿಯಿಂದ ಕೊಟ್ಟ ಔಷಧದ ಅಳತೆಯೋ? ಇಂದಿಗೂ ವಾದ ನಡೆದಿದೆ. ಫಾರ್ ಲ್ಯಾಪಿನ ಚರ್ಮವನ್ನು ಮೆಲ್ಬರ್ನಿನಲ್ಲಿ ನಿಲ್ಲಿಸಿದ್ದಾರೆ. ಎಲುಬುಗಳನ್ನು ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಜೋಡಿಸಿದ್ದಾರೆ. ಆರು ಕಿಲೋಗ್ರಾಮಿಗೂ ಮೀರಿ ತೂಗುವ ಹೃದಯವನ್ನು ಕ್ಯಾನ್‌ಬೆರದಲ್ಲಿ ಗಾಜಿನೊಳಗಿಟ್ಟು ಜನ ಸಾಲುಗಟ್ಟಿ ನೋಡುತ್ತಾರೆ. ಕುದುರೆಯನ್ನು ಓಡಿಸಿದ ಹೃದಯಕ್ಕೆ ಪೂಜೆ. ಕೊಂದ ಕರುಳಿನ ಪಾಡು ಕೇಳುವವರಿಲ್ಲ.

ವುಡ್‌ಕಾಕನ ಮೇಲೂ ಮಾತು ಬಾರದಿರಲಿಲ್ಲ. ಮೇವಿಟ್ಟ ಕೈ ಅವನದೇ ಅಲ್ಲವೆ! ಆದರೆ ಆತ ಕುದುರೆಗಳನ್ನು ಬಿಡಲಿಲ್ಲ. ತಾನೇ ತರಬೇತುದಾರನಾಗಿ, 1977ರಲ್ಲಿ, ಮುದಿವಯಸ್ಸಿನಲ್ಲಿ, ರೆಕ್‌ಲೆಸ್ ಎಂಬ ಕುದುರೆಯನ್ನು ಮೆಲ್ಬರ್ನ್ ಕಪ್ಪಿನಲ್ಲಿ ಎರಡನೆಯ ಸ್ಥಾನಕ್ಕೆ ತಂದ. 1985ರಲ್ಲಿ ತೀರಿಕೊಳ್ಳುವವರೆಗೂ ಜನ ಅವನನ್ನು ಗುರುತಿಸಿದ್ದು ಬಾಬಿಯ ಗೆಳೆಯನೆಂದೇ. ಈ ಕತೆಯನ್ನು ಓದಿದಾಗಲೆಲ್ಲ ನನಗೆ ನಮ್ಮ ವಠಾರದ ಮೆಟ್ಟಿಲು ನೆನಪಾಗುತ್ತದೆ.

ಬಡವನ ಅಜ್ಞಾನದಿಂದಲೇ ಕುದುರೆಗಳು ಸಾಯುತ್ತವೆಯೆಂದು ಯಾರಾದರೂ ಭಾವಿಸಿದರೆ ದುಬೈ ಮಿಲೇನಿಯಂ ಎಂಬ ಕುದುರೆಯ ಕತೆಯನ್ನು ಕೇಳಬೇಕು. ಅದರ ಯಜಮಾನರು ದುಬೈನ ಶೇಖ್ ಮೊಹಮ್ಮದ್. ಹಣಕ್ಕೆ ಕೊರತೆಯೆಂಬುದೇ ಇಲ್ಲ. ಅದು ಓಡಿದ ಹತ್ತು ಪಂದ್ಯಗಳಲ್ಲಿ ಸೋತದ್ದು ಒಂದರಲ್ಲಿ ಮಾತ್ರ. 2000ದಲ್ಲಿ ದುಬೈ ವಿಶ್ವಕಪ್ಪನ್ನು ಗೆದ್ದಿತು. ಅದೇ ವರ್ಷ ಕಾಲು ಮುರಿದು ಓಟ ನಿಂತಾಗ, ತಳಿ ಬೆಳೆಸಲೆಂದು ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ ಹಸಿರು ಹುಲ್ಲುಗಾವಲಿಗೆ ಬಿಟ್ಟರು. ಮರುವರ್ಷದ ವಸಂತದಲ್ಲಿ ಅದಕ್ಕೆ ಹುಲ್ಲುರೋಗವೆಂಬುದು ತಗುಲಿತು. ಒಂದು ಶತಮಾನಕ್ಕೂ ಹಿಂದೆ ಸ್ಕಾಟ್ಲೆಂಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಕರುಳನ್ನು ನಡೆಸುವ ನರಗಳನ್ನೇ ಕೊಲ್ಲುತ್ತದೆ. ಕರುಳು ಇದ್ದಲ್ಲಿಯೇ ನಿಂತುಬಿಡುತ್ತದೆ. ಮೇಯುವ ಕುದುರೆಗಳಿಗೇ ಬರುವ ಈ ಜಾಡ್ಯದ ಮೂಲ ಇಷ್ಟು ವರ್ಷಗಳ ಶೋಧನೆಯಿಂದಲೂ ಖಚಿತವಾಗಿ ಸಿಕ್ಕಿಲ್ಲ. ಜಗತ್ತಿನ ಶ್ರೇಷ್ಠ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ನೋಡಿದರು. 2001ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಕುದುರೆ ಇಲ್ಲವಾಯಿತು. ಅದರ ಮರಿಗಳು ಒಂದೇ ಪೀಳಿಗೆಗೆ ಮುಗಿದವು. ಅವುಗಳಲ್ಲಿ ಒಂದಾದ ದುಬಾವಿಯು ಮುಂದೆ ತಂದೆಯ ಹೆಸರನ್ನು ಉಳಿಸಿತು ಎಂಬುದಷ್ಟೇ ಸಮಾಧಾನ. ಶೇಖರ ಲಾಯವಾದರೇನು, ನಮ್ಮ ತಾತನ ಲಾಯವಾದರೇನು, ಕರುಳು ನಿಂತ ಮೇಲೆ ಎಲ್ಲರೂ ಒಂದೇ.

ಇನ್ನೊಂದು ಬಗೆಯ ಸಾವು ಇದಕ್ಕಿಂತಲೂ ವೇಗದ್ದು. ಮಧ್ಯಾಹ್ನ ಚೆನ್ನಾಗಿದ್ದ ಕುದುರೆಗೆ ಏಕಾಏಕಿ ನೀರಿನಂತಹ ಭೇದಿ, ಮೈ ತಣ್ಣಗಾಗುವುದು, ಒಂದು ದಿನ ತುಂಬುವುದರೊಳಗೆ ಸಾವು. ದೂರ ಪ್ರಯಾಣ, ಕಠಿಣ ಓಟ, ಬೇರೊಂದು ಕಾಯಿಲೆಗೆ ಕೊಟ್ಟ ಪ್ರತಿಜೀವಕ ಔಷಧ, ಹೀಗೆ ದೇಹವು ದಣಿದ ಸಮಯವನ್ನು ನೋಡಿಯೇ ಅದು ಬರುವುದು ಹೆಚ್ಚು. 1960ರ ದಶಕದಲ್ಲಿ ಅಮೆರಿಕದ ವೈದ್ಯರು ಇದಕ್ಕೆ "ಕೊಲೈಟಿಸ್ ಎಕ್ಸ್" ಎಂದು ಹೆಸರಿಟ್ಟರು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ನಾವು ಮೇಷ್ಟ್ರುಗಳು ಎಕ್ಸ್ ಎನ್ನುವಂತೆ, ಕಾರಣ ಗೊತ್ತಿಲ್ಲದ ಕರುಳಿನ ಉರಿ ಎಂದರ್ಥ. ಈಗ ಆ ಎಕ್ಸಿನ ಬೆಲೆ ಎಷ್ಟೋ ಮಟ್ಟಿಗೆ ತಿಳಿದಿದೆ. ಕ್ಲಾಸ್ಟ್ರಿಡಿಯಂ, ಸಾಲ್ಮೊನೆಲ್ಲ ಮೊದಲಾದ ದುಷ್ಟಜೀವಿಗಳು ಕರುಳಿನ ರಾಜ್ಯವನ್ನು ಕಿತ್ತುಕೊಂಡಾಗ ಹೀಗಾಗುತ್ತದೆಂದು ಕಂಡುಕೊಂಡಿದ್ದಾರೆ. ಆದರೂ ಎಲ್ಲ ಸಾವುಗಳಲ್ಲಿ ಅಪರಾಧಿ ಸಿಕ್ಕಿಬೀಳುವುದಿಲ್ಲ. ತಿಳಿಯದುದನ್ನು ತಿಳಿಯದೆಂದೇ ಹೆಸರಿಟ್ಟು ಒಪ್ಪಿಕೊಂಡ ಆ ವೈದ್ಯರ ನಡತೆ ನನಗೆ ಬಹಳ ಹಿಡಿಸಿತು. ಕಾರಣ ಸಿಗದಿದ್ದಾಗ ಸೈಸನ ಕೊರಳಪಟ್ಟಿ ಹಿಡಿಯುವುದಕ್ಕಿಂತ ಒಂದು ಎಕ್ಸ್ ಅಕ್ಷರವನ್ನು ಬರೆದಿಡುವುದು ಎಷ್ಟೋ ಮೇಲಲ್ಲವೆ?

ಇಷ್ಟೆಲ್ಲ ಓದಿ ಕುದುರೆಗೆ ಹೊಟ್ಟೆನೋವೆಂದರೆ ಮರಣವೇ ಎಂದು ಓದುಗರು ಎದೆಗುಂದಬೇಕಾಗಿಲ್ಲ. ಹತ್ತಾರು ಶೂಲೆಗಳಲ್ಲಿ ಹೆಚ್ಚಿನವು ನೋವಿನ ಚುಚ್ಚುಮದ್ದು, ಕೊಳವೆ, ನೀರು, ನಡೆದಾಟ ಇಷ್ಟರಲ್ಲಿಯೇ ಇಳಿಯುತ್ತವೆ. ಸ್ವಲ್ಪ ಭಾಗಕ್ಕೆ ಮಾತ್ರ ಶಸ್ತ್ರಚಿಕಿತ್ಸೆ ಬೇಕು. ಇಂದು ಅದೂ ಸಾಧ್ಯ. ಅರ್ಧ ಟನ್ನಿನ ಪ್ರಾಣಿಯನ್ನು ಅಂಗಾತ ಮಲಗಿಸಿ, ಅರಿವಳಿಕೆ ಕೊಟ್ಟು, ತಿರುಚಿದ ಕರುಳನ್ನು ಬಿಡಿಸಿ, ಸತ್ತ ಭಾಗವನ್ನು ಕತ್ತರಿಸಿ ಹೊಲಿದು, ಮತ್ತೆ ಎಬ್ಬಿಸಿ ನಿಲ್ಲಿಸುವ ವೈದ್ಯರಿದ್ದಾರೆ. ಹಾಗೆ ಬದುಕಿ ಮರಳಿ ಪಂದ್ಯ ಗೆದ್ದ ಕುದುರೆಗಳೂ ಉಂಟು. ಆದರೆ ಈ ಎಲ್ಲ ವಿದ್ಯೆಗೂ ಒಂದೇ ಷರತ್ತು: ಬೇಗ ತಿಳಿಯಬೇಕು. ಕರುಳು ತಿರುಚಿದ ಮೇಲೆ ಉಳಿಯುವುದು ಗಂಟೆಗಳ ಲೆಕ್ಕ. ಆ ಗಂಟೆಗಳಲ್ಲಿ ಮೊದಲನೆಯದನ್ನು ಉಳಿಸಿಕೊಡಬಲ್ಲವರು ವೈದ್ಯರೂ ಅಲ್ಲ, ಯಜಮಾನರೂ ಅಲ್ಲ. ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ, ಗೋದಲಿಯಲ್ಲಿ ಹುಲ್ಲು ಉಳಿದಿದೆಯೇ, ಲದ್ದಿ ಎಂದಿನಂತೆ ಬಿದ್ದಿದೆಯೇ ಎಂದು ದೀಪ ಹಿಡಿದು ನೋಡುವ ಆಳು.

ತಾತ ಹೇಳುತ್ತಿದ್ದ ನಿಯಮಗಳೂ ಇಂದಿನ ವೈದ್ಯರು ಬರೆಯುವ ನಿಯಮಗಳೂ ಒಂದೇ ಎಂಬುದನ್ನು ನೋಡಿ ನನಗೆ ಆಶ್ಚರ್ಯವಾಗಿದೆ. ಹುಲ್ಲು ಯಾವಾಗಲೂ ಮುಂದಿರಲಿ. ಕಾಳನ್ನು ಒಮ್ಮೆಗೇ ಸುರಿಯದೆ ಚೂರುಚೂರಾಗಿ ಕೊಡಿ. ಮೇವು ಬದಲಿಸುವುದಾದರೆ ಒಂದೇ ದಿನದಲ್ಲಿ ಬದಲಿಸದೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬದಲಿಸಿ. ಶುದ್ಧವಾದ ನೀರು ಸದಾ ಇರಲಿ. ಕೊಡುವ ಹೊತ್ತು ತಪ್ಪದಿರಲಿ. ದಿನಕ್ಕೆ ಸ್ವಲ್ಪ ಹೊತ್ತಾದರೂ ಹೊರಗೆ ಬಿಡಿ. "ನಮ್ಮ ಗಡಿಯಾರ ಗೋಡೆ ಮೇಲಿದೆ ಮೇಷ್ಟ್ರೇ, ಅದರ ಗಡಿಯಾರ ಹೊಟ್ಟೇಲಿದೆ. ನಮ್ಮದಕ್ಕೆ ಅದನ್ನ ತಿರುಗಿಸೋಕೆ ಹೋಗ್ತೀವಿ. ಅದಕ್ಕೇ ಕೆಡುತ್ತೆ," ಎಂದು ಆತ ಹೇಳಿದ ಮಾತಿನಲ್ಲಿ ಈ ಶಾಸ್ತ್ರವೆಲ್ಲ ಅಡಗಿದೆ.

ತಾತ ಈಗಿಲ್ಲ. ಓದಿ ದೊಡ್ಡವನಾದ ಮೊಮ್ಮಗ ಪಶುವೈದ್ಯನಾಗಲಿಲ್ಲ, ಬ್ಯಾಂಕಿನಲ್ಲಿದ್ದಾನೆ. ಪಂದ್ಯದ ಪಟ್ಟಿಯಲ್ಲಿ ಕುದುರ��ಯ ಹೆಸರಿರುತ್ತದೆ. ಅದರ ತಂದೆ ತಾಯಿಗಳ ಹೆಸರಿರುತ್ತದೆ. ಯಜಮಾನರ, ತರಬೇತುದಾರರ, ಜಾಕಿಯ ಹೆಸರಿರುತ್ತದೆ. ಮೇವಿಟ್ಟವನ ಹೆಸರು ಅಲ್ಲಿ ಕಾಣುವುದು ಅಪರೂಪ. ಕುದುರೆ ಸತ್ತ ದಿನ ಮಾತ್ರ ಎಲ್ಲರಿಗಿಂತ ಮೊದಲು ಅವನ ಹೆಸರನ್ನೇ ಕೂಗುತ್ತಾರೆ. ಸತ್ತ ಬೆಳಿಗ್ಗೆ "ಏನು ತಿನ್ನಿಸಿದೆ?" ಎಂದು ಗದರಿಸುವ ಯಜಮಾನರು, ಬದುಕಿರುವ ಸಂಜೆಗಳಲ್ಲಿ ಲಾಯದ ಬಾಗಿಲಿಗೆ ಬಂದು "ಎಲ್ಲ ತಿಂದಿತೇನಪ್ಪ?" ಎಂದು ಒಂದು ಮಾತು ಕೇಳುವ ರೂಢಿಯಿಟ್ಟುಕೊಂಡರೆ, ಎಷ್ಟೋ ಕುದುರೆಗಳು ಉಳಿದಾವು, ಕೆಲವು ಮನುಷ್ಯರ ಮಾನವೂ ಉಳಿದೀತು.